ಸ್ಟ್ರೈಪರ್ ಕೇಳೋಕೆ ಎಲ್ಲಿಂದ ಶುರು ಮಾಡೋದು? ಮೂರು ಆಲ್ಬಮ್, ಒಂದು ವಾರ

ನಮ್ಮ ಚಿಕ್ಕಪ್ಪನ ಮಗ ಕೇಳಿದ: "ಅಣ್ಣಾ, ಸ್ಟ್ರೈಪರ್ ಯಾವುದು ಮೊದಲು ಕೇಳ್ಲಿ?" ನಲವತ್ತು ವರ್ಷ ದಾಟಿದ ಬ್ಯಾಂಡು. ಎಲ್ಲಾ ಕೇಳು ಅಂದ್ರೆ ಓಡಿಹೋಗುತ್ತಾನೆ. ಅದಕ್ಕೇ ಮೂರು ಆಲ್ಬಮ್ ಆರಿಸಿಕೊಂಡು, ಒಂದೇ ಹೆಡ್‌ಫೋನಿನಲ್ಲಿ ಒಂದು ವಾರ ಅದಲು ಬದಲು ಮಾಡಿ ಕೇಳಿದೆ.

ಗೊತ್ತಿಲ್ಲದವರಿಗೆ: ಅಮೆರಿಕದ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ಕ್ರೈಸ್ತ ಹೆವಿ ಮೆಟಲ್ ಬ್ಯಾಂಡಿದು, ಅಂದ್ರೆ ಅಬ್ಬರದ ರಾಕ್‌ನಲ್ಲಿ ಕ್ರಿಸ್ತನ ಹಾಡು. ಈ ಹೆಸರಿಟ್ಟುಕೊಂಡಿದ್ದು 1983ರಲ್ಲಿ. ಹಾಡೋದು ಮೈಕೆಲ್ ಸ್ವೀಟ್, ಡ್ರಮ್ಸ್ ಅಣ್ಣ ರಾಬರ್ಟ್. ಹಳದಿ-ಕಪ್ಪು ಪಟ್ಟೆ ಬಟ್ಟೆ ಹಾಕಿಕೊಂಡು ಸ್ಟೇಜಿನಿಂದ ಹೊಸ ಒಡಂಬಡಿಕೆಯ ಪುಸ್ತಕ ಎಸೆಯುತ್ತಿದ್ದರು. ಪಟ್ಟೆಯ ಮೂಲ ಬೈಬಲ್ಲಿನ ಯೆಶಾಯ 53:5. ಕನ್ನಡ ಬೈಬಲ್ಲಿನಲ್ಲಿ "ಬಾಸುಂಡೆ" ಅಂತಿದೆಯಲ್ಲ, ಇಂಗ್ಲಿಷಿನಲ್ಲಿ ಅದಕ್ಕೆ ಸ್ಟ್ರೈಪ್ಸ್. ಬಾಸುಂಡೆಗೂ ಬಟ್ಟೆಯ ಪಟ್ಟೆಗೂ ಅಲ್ಲಿ ಒಂದೇ ಪದ.

ಮೊದಲನೇದು 1986ರ 'ಟು ಹೆಲ್ ವಿತ್ ದ ಡೆವಿಲ್'. ಅಮೆರಿಕದಲ್ಲಿ ಮಾರಾಟ ಹತ್ತು ಲಕ್ಷ ಪ್ರತಿ ದಾಟಿದ ಆಲ್ಬಮ್. ಸೌಂಡು ಹಳೇದು, ಡ್ರಮ್ಸ್ ಯಾವುದೋ ದೊಡ್ಡ ಹಾಲ್‌ನಲ್ಲಿ ಬಾರಿಸಿದ ಹಾಗೆ ಗುಂಯ್ ಅನ್ನುತ್ತದೆ. ಆದರೆ ಆ ಗಂಟಲು! ಮೈಕೆಲ್ ಮೇಲಿನ ಸ್ವರಕ್ಕೆ ಏರಿ ಅಲ್ಲೇ ನಿಂತುಬಿಡುತ್ತಾರೆ, ಕೆಳಗೆ ಎರಡು ಗಿಟಾರ್ ಜೋಡಿಯಾಗಿ ಓಡುತ್ತವೆ. ರಾತ್ರಿ ಹನ್ನೊಂದಕ್ಕೆ ಕೇಳುತ್ತಾ ನಾನೂ ಜೊತೆಗೆ ಹಾಡಲು ಹೋದೆ. ಪಕ್ಕದ ರೂಮಿನಿಂದ ಅಮ್ಮ "ಏನಾಯ್ತೋ?" ಅಂದರು. ಅಂದಹಾಗೆ ಈ ಆಲ್ಬಮ್ಮಿನಲ್ಲಿ ಬಾಸ್ ನುಡಿಸಿದ್ದು ಬ್ರ್ಯಾಡ್ ಕಾಬ್. ಬ್ಯಾಂಡಿನ ಟಿಮ್ ಗೇನ್ಸ್ ಆಗ ಸ್ವಲ್ಪ ದಿನ ಹೊರಗಿದ್ದರು.

ಎರಡನೇದು 2013ರ 'ಸೆಕೆಂಡ್ ಕಮಿಂಗ್'. ಮೊದಲ ವರ್ಷಗಳ 14 ಹಾಡುಗಳನ್ನೇ ಮತ್ತೆ ರೆಕಾರ್ಡ್ ಮಾಡಿ, ಎರಡು ಹೊಸದು ಸೇರಿಸಿದ್ದಾರೆ. ಒಂದೇ ಹಾಡನ್ನು ಬೆನ್ನು ಬೆನ್ನಿಗೆ ಹಾಕಿ ನೋಡಿದೆ. ಗಿಟಾರ್ ದಪ್ಪ, ಬಾಸ್ ಸ್ಪಷ್ಟ, ಮೊಬೈಲ್ ಸ್ಪೀಕರಿನಲ್ಲೂ ಚೆನ್ನಾಗಿದೆ. ಶ್ರುತಿ ಮಾತ್ರ ಕೆಳಗಿಳಿದಿದೆ. ಐವತ್ತರ ಗಂಟಲಲ್ವಾ, ತಪ್ಪೇನಿಲ್ಲ. ಆದರೆ ಹಳೇದರಲ್ಲಿ "ಈಗ ಎಲ್ಲಿ ಒಡೆಯುತ್ತೋ" ಅನ್ನೋ ಭಯ ಇತ್ತು, ಇಲ್ಲಿ ಅದಿಲ್ಲ. ಮೂರರಲ್ಲಿ ನನಗೆ ಕಡಿಮೆ ಹಿಡಿಸಿದ್ದು ಇದೇ.

ಅದೇ ವರ್ಷ ಬಂದ 'ನೋ ಮೋರ್ ಹೆಲ್ ಟು ಪೇ' ಬೇರೆಯೇ ಲೆಕ್ಕ. ಎಲ್ಲಾ ಹೆಚ್ಚುಕಡಿಮೆ ಹೊಸ ಹಾಡುಗಳು, ಜಾಸ್ತಿ ಭಾರ. ಅದೇ ಇಳಿದ ಗಂಟಲು ಇಲ್ಲಿ ಸರಿಯಾಗಿ ಕೂರುತ್ತದೆ, ಯಾಕಂದ್ರೆ ಹಾಡು ಹುಟ್ಟಿದ್ದೇ ಆ ಗಂಟಲಿಗೆ. 1992ರಲ್ಲಿ ಮೈಕೆಲ್ ಬಿಟ್ಟುಹೋಗಿ, 2003ರಲ್ಲಿ ಮತ್ತೆ ಕೂಡಿದ ಬ್ಯಾಂಡು ಸುಮ್ನೆ ಹಳೇ ಹೆಸರಿನ ಮೇಲೆ ಬದುಕಿಲ್ಲ ಅಂತ ನನಗೆ ಗೊತ್ತಾಗಿದ್ದು ಇದರಿಂದ. ಬೆಳಿಗ್ಗೆ ವಾಕಿಂಗಿಗೆ ಈಗಲೂ ಇದನ್ನೇ ಹಾಕುತ್ತೇನೆ.

ತಮ್ಮನಿಗೆ ಕಳಿಸಿದ್ದು ಮಾತ್ರ 1986ರದ್ದು. ಶುರುವಿನಲ್ಲಿ ಒಂದು ನಿಮಿಷ ಚಿಲ್ಲರೆ ಬರೀ ಪೀಠಿಕೆ ಇದೆ, ಅದನ್ನ ಸ್ಕಿಪ್ ಮಾಡಬೇಡ ಅಂತ ಬರೆದಿದ್ದೆ. ಮಾಡಿದ್ದಾನೆ.