ಗೇರ್‌ಬಾಕ್ಸ್ ಬಿಚ್ಚಬೇಕು ಅಂದರೆ ಮೊದಲು ಗಾಡಿ ಕೆಳಗೆ ತೂರಿ ನೋಡಿ

ಹಳೇ ಪೋರ್ಷೆ 914 ಕಾರು ಇಟ್ಟುಕೊಂಡವರು, ತಗೊಳ್ಳಬೇಕು ಅಂತಿರುವವರು ದಯವಿಟ್ಟು ಓದಿ. ನನಗೆ ಹಾಕಿದ ಟೋಪಿ ನಿಮಗೂ ಹಾಕುವುದು ಬೇಡ. ಎಂಜಿನ್ ಮೌಂಟಿಂಗ್ (ಎಂಜಿನ್ ಕೂರುವ ರಬ್ಬರ್ ದಿಂಬು) ಹೊಸದು, ಗೇರ್ ಲಿಂಕೇಜಿನ (ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ರಾಡಿನ) ಬುಷ್, ಅಂದರೆ ರಾಡು ಆಡುವ ಬಳೆ, ಎಲ್ಲಾ ಹೊಸದು ಅಂತ ಗ್ಯಾರೇಜಿನವರು ಬಿಲ್ ಕೊಟ್ಟರು. ಪೂರ್ತಿ ದುಡ್ಡು ತಗೊಂಡರು. ಒಂದನ್ನೂ ಬದಲಾಯಿಸಿರಲಿಲ್ಲ. ಒಂದನ್ನೂ! ಹಳೇ ಮೌಂಟಿಂಗಿಗೆ ಕಪ್ಪು ಪೇಂಟ್ ಹೊಡೆದು ಕೊಟ್ಟಿದ್ದರು.

ಅದೂ ಸಾಲದು ಅಂತ, ಆಮೇಲೆ ಅದೇ ಬಾಯಲ್ಲಿ "ಗೇರ್‌ಬಾಕ್ಸ್ ಹೋಗಿದೆ ಸಾರ್, ಬಿಚ್ಚಬೇಕು" ಅಂದರು.

ಈ ಗಾಡಿಯ ಜಾಯಮಾನ ಗೊತ್ತಿದ್ದವರಿಗೆ ಇದು ಎಂಥ ಮಾತು ಅಂತ ಅರ್ಥ ಆಗುತ್ತದೆ. ಎಂಜಿನ್ ಸೀಟಿನ ಹಿಂದೆ, ಗೇರ್‌ಬಾಕ್ಸ್ ಅದಕ್ಕೂ ಹಿಂದೆ. ನನ್ನದು 1972ರವರೆಗೆ ಬಂದ ಮಾದರಿ. ಅಂದರೆ ಲಿವರಿನಿಂದ ಹೊರಟ ರಾಡು ಗಾಡಿ ನಡುವಿನ ಟನಲ್ ಒಳಗೆ ಹೋಗಿ, ಫೈರ್‌ವಾಲ್ (ಸೀಟಿಗೂ ಎಂಜಿನ್ನಿಗೂ ನಡುವಿನ ತಗಡಿನ ಗೋಡೆ) ದಾಟಿ, ಎಂಜಿನ್ ಉದ್ದಕ್ಕೂ ಸಾಗಿ ಗೇರ್‌ಬಾಕ್ಸಿನ ಬಾಲ ಮುಟ್ಟಬೇಕು. 1973ರ ಮಾದರಿಯಿಂದ ರಾಡನ್ನು ಗೇರ್‌ಬಾಕ್ಸಿನ ಪಕ್ಕಕ್ಕೇ ಜೋಡಿಸಿದರು, ಅದು ಎಷ್ಟೋ ವಾಸಿ. ನಮ್ಮ ಮಾದರಿಯಲ್ಲಿ ಇಷ್ಟು ದೂರದ ದಾರಿಯಲ್ಲಿ ಅಲ್ಲಲ್ಲಿ ಪ್ಲಾಸ್ಟಿಕ್ ಬುಷ್. ಎಲ್ಲಾ ಐವತ್ತು ವರ್ಷದ ವಯಸ್ಸಿನವು. ಲಿವರ್ ಕೂತಿರುವುದು ಬಾಡಿ ಮೇಲೆ. ಗೇರ್‌ಬಾಕ್ಸ್ ಕೂತಿರುವುದು ಎಂಜಿನ್ ಜೊತೆ, ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರ್ ಕುಸಿದರೆ ಎಂಜಿನ್ನೂ ಗೇರ್‌ಬಾಕ್ಸೂ ಒಟ್ಟಿಗೆ ಜಾಗ ಬಿಡುತ್ತವೆ, ರಾಡು ಮಾತ್ರ ಇದ್ದಲ್ಲೇ ಇರುತ್ತದೆ. ಆಮೇಲೆ ಗೇರ್ ಎಲ್ಲಿದೆ ಅಂತ ನೀವು ತಡಕಾಡುತ್ತಾ ಕೂರಬೇಕು. ಮೊದಲೇ ಇದರಲ್ಲಿ ಒಂದನೇ ಗೇರ್ ಎಡಕ್ಕೆ ಕೆಳಗೆ, ಅದರ ಮೇಲೆ ರಿವರ್ಸ್. ಸಿಗ್ನಲ್‌ನಲ್ಲಿ ಸ್ವಲ್ಪ ತಪ್ಪಿದರೂ ಹಿಂದಿನವನ ಬಂಪರ್ ಗತಿ ಅಷ್ಟೇ.

ನನ್ನ ಗಾಡಿಗೆ ಆಗಿದ್ದೂ ಇದೇ. ಆಕ್ಸಿಲರೇಟರ್ ಬಿಟ್ಟರೆ ಹಿಂದೆ ಧಡ್ ಅಂತ ಸದ್ದು. ಎರಡನೇ ಗೇರಿಗೆ ಹಾಕಿದರೆ ಬಿದ್ದಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮೂರನೆಯದು ತಾನಾಗಿಯೇ ನ್ಯೂಟ್ರಲ್‌ಗೆ ಬಂದುಬಿಡುತ್ತಿತ್ತು. ಮೌಂಟಿಂಗ್, ಬುಷ್ ಎರಡೂ ಬದಲಾಯಿಸಿ ಅಂತ ನಾನೇ ಹೇಳಿ ಗಾಡಿ ಬಿಟ್ಟು ಬಂದೆ. ಕ್ಲಾಸಿಕ್ ಗಾಡಿಗಳದ್ದೇ ಸ್ಪೆಷಲ್ ಗ್ಯಾರೇಜ್, ಗೋಡೆ ತುಂಬಾ ಫೋಟೊ, ಬಾಯಿ ತುಂಬಾ ಮಾತು.

ಗಾಡಿ ವಾಪಸ್ ಬಂತು. ಗೇರ್ ಹಾಗೇ ಇತ್ತು. ಫೋನ್ ಮಾಡಿದೆ. "ಹೊಸ ರಬ್ಬರ್ ಸಾರ್, ಸೆಟ್ ಆಗೋಕೆ ಟೈಮ್ ಬೇಕು." ಸರಿ ಅಂದೆ. ಸ್ವಲ್ಪ ಓಡಿಸಿದೆ. ಹಾಗೇ ಇತ್ತು. ಮತ್ತೆ ಫೋನ್. "ಹಳೇ ಗಾಡಿ ಅಂದ್ರೆ ಹೀಗೇ ಸಾರ್, ಕೈ ಪಳಗಬೇಕು." ನನ್ನ ಕೈ ಪಳಗಬೇಕಂತೆ! ಕೊನೆಗೆ ಬಂದಿದ್ದೇ ಗೇರ್‌ಬಾಕ್ಸ್ ಮಾತು. "ಸಿಂಕ್ರೊ ಸವೆದಿದೆ. ಎಂಜಿನ್ ಸಮೇತ ಇಳಿಸಬೇಕು. ಅಡ್ವಾನ್ಸ್ ಕೊಟ್ಟರೆ ಪಾರ್ಟ್ಸ್ ತರಿಸ್ತೀವಿ." ಸಿಂಕ್ರೊ ಅಂದರೆ ಗೇರ್ ಉಜ್ಜದೆ ಬೀಳುವ ಹಾಗೆ ವೇಗ ಹೊಂದಿಸುವ, ಗೇರ್‌ಬಾಕ್ಸ್ ಒಳಗಿನ ಬಳೆ.

ಅಡ್ವಾನ್ಸ್ ಕೊಡುವ ಮುಂಚೆ ಒಂದು ಸಲ ನೋಡೋಣ ಅಂತ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿದೆ. ಮೌಂಟಿಂಗ್ ನೋಡಿದರೆ ಫಳಫಳ ಕಪ್ಪು. ಆಹಾ, ಹೊಸದೇ ಅಂದುಕೊಂಡೆ. ಆಮೇಲೆ ಬೋಲ್ಟ್ ಮೇಲೆ ಕಣ್ಣು ಬಿತ್ತು. ಅದೂ ಕಪ್ಪು. ನಟ್ಟು, ವಾಷರ್, ಪಕ್ಕದಲ್ಲಿದ್ದ ಮಣ್ಣಿನ ಹೆಂಟೆ, ಎಲ್ಲಾ ಕಪ್ಪು. ಮಣ್ಣಿಗೂ ಪೇಂಟ್ ಹೊಡೆದಿದ್ದಾರೆ! ಉಗುರಿನಲ್ಲಿ ಕೆರೆದೆ. ಪೇಂಟ್ ಸಿಪ್ಪೆ ಎದ್ದು ಬಂತು, ಒಳಗಿನ ರಬ್ಬರಿನಲ್ಲಿ ಬೆರಳು ಹೋಗುವಷ್ಟು ಬಿರುಕು. ಎಂಜಿನ್ ಕೆಳಗೆ ಮರದ ತುಂಡು ಇಟ್ಟು ಜಾಕಿಯಲ್ಲಿ ಒಂಚೂರು ಎತ್ತಿದೆ. ಬಿರುಕು ಬಾಯಿ ತೆರೆಯಿತು, ಆಚೆ ಬೆಳಕು ಕಾಣಿಸಿತು. ಅಲ್ಲೇ ಸುಮ್ನೆ ಮಲಗಿಬಿಟ್ಟೆ. ಇದನ್ನೇ ಗೆಳೆಯರನ್ನು ಕರೆದು, ಬಗ್ಗಿಸಿ, "ನೋಡ್ರಪ್ಪಾ ಹೊಸ ಮೌಂಟಿಂಗ್" ಅಂತ ತೋರಿಸಿದ್ದೆ. ಅವರೂ ತಲೆ ಆಡಿಸಿದ್ದರು.

ಫೈರ್‌ವಾಲ್ ಬುಷ್ ಕಥೆ ಇನ್ನೂ ಚೆನ್ನಾಗಿದೆ. ಕಂದು ಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್, ಮುಟ್ಟಿದರೆ ಹಪ್ಪಳದ ಹಾಗೆ ಪುಡಿ. ರಾಡ್ ಹಿಡಿಯುವ ಮೊನಚು ತುದಿಯ ಸ್ಕ್ರೂ ಕೈಯಲ್ಲೇ ತಿರುಗುತ್ತಿತ್ತು. ಇದಕ್ಕೂ ಬಿಲ್ ಹಾಕಿದ್ದರು ಸ್ವಾಮಿ, ಲೇಬರ್ ಬೇರೆ.

ಫೋಟೊ ಕಳಿಸಿದೆ. ಮೊದಲ ಉತ್ತರ: "ಇದು ನಿಮ್ಮ ಗಾಡಿ ಫೋಟೊನಾ ಸಾರ್?" ನಂಬರ್ ಪ್ಲೇಟ್ ಸಮೇತ ಮತ್ತೆ ಕಳಿಸಿದೆ. "ನಾವು ಹಾಕಿದ ಮೇಲೆ ಬೇರೆ ಯಾರಾದರೂ ಕೈ ಹಾಕಿರಬಹುದು." ಬೇರೆಯವರು ಬಂದು ಹೊಸದನ್ನು ಬಿಚ್ಚಿ, ಹರಿದ ಹಳೆಯದನ್ನು ಕೂರಿಸಿ, ಪೇಂಟ್ ಹೊಡೆದು ಹೋದರಂತೆ! ಸರಿ, ಬಿಚ್ಚಿದ ಹಳೇ ಪಾರ್ಟ್ಸ್ ತೋರಿಸಿ ಅಂದೆ. "ಗುಜರಿಗೆ ಹೋಯ್ತು." ಹೊಸದು ಕೊಂಡ ರಸೀದಿ? "ಅಕೌಂಟ್ಸ್‌ನವರು ರಜೆ." ಆಮೇಲೆ ಫೋನ್ ಎತ್ತುವುದೇ ನಿಲ್ಲಿಸಿದರು.

ಮೌಂಟಿಂಗ್, ಬುಷ್ ತರಿಸಿ ಬೇರೆ ಕಡೆ ಹಾಕಿಸಿದೆ, ಪಕ್ಕದಲ್ಲೇ ನಿಂತು. ರಾಡಿನ ಅಡ್ಜಸ್ಟ್‌ಮೆಂಟ್ ಮಾಡಿದ ಮೇಲೆ ಎರಡು, ಮೂರು ಎರಡೂ ಕರೆದಲ್ಲಿಗೆ ಬರುತ್ತಿವೆ. ಸವೆದ ಸಿಂಕ್ರೊ ಎಲ್ಲಿ ಹೋಯಿತೋ!

ನೀವು ಇಷ್ಟು ಮಾಡಿ. ಎಂಜಿನ್ ಆಫ್ ಮಾಡಿ, ಒಬ್ಬರು ಲಿವರ್ ಆಡಿಸಲಿ, ಇನ್ನೊಬ್ಬರು ಹಿಂದೆ ರಾಡ್ ನೋಡಲಿ. ಲಿವರ್ ಅಲ್ಲಾಡಿ ರಾಡ್ ಅಲ್ಲಾಡದಿದ್ದರೆ ತಪ್ಪು ಲಿಂಕೇಜಿನದು. ಎಂಜಿನ್ ಆನ್ ಇದ್ದಾಗ ಮಾತ್ರ ಗೇರ್ ಬೀಳದೆ ರಿವರ್ಸ್ ಕರಕರ ಅಂದರೆ ಕ್ಲಚ್ ನೋಡಿ. ಟನಲ್ ಒಳಗಿನ ಕ್ಲಚ್ ಕೇಬಲ್ ಟ್ಯೂಬಿನ ಬೆಸುಗೆ ಬಿಡುವುದು ಈ ಗಾಡಿಯ ಹಳೇ ಕಾಯಿಲೆ, ಪೆಡಲ್ ಒತ್ತಿದಾಗ ಟ್ಯೂಬೇ ಅಲ್ಲಾಡುತ್ತದೆ. ಎರಡೂ ಸರಿ ಇದ್ದು, ಬೇಗ ಗೇರ್ ಬದಲಾಯಿಸಿದಾಗ ಒಂದೇ ಗೇರ್ ಉಜ್ಜಿದರೆ ಆಗ ಬೇಕಾದರೆ ಸಿಂಕ್ರೊ ಮಾತಾಡಲಿ. ಬಲಗಡೆ ಬ್ಯಾಟರಿ ಕೆಳಗಿನ ಮೌಂಟಿಂಗ್ ಬ್ರಾಕೆಟ್ ಮರೀಬೇಡಿ, ಆಸಿಡ್ ಸೋರಿ ಅಲ್ಲಿ ತುಕ್ಕು ತಿಂದಿರುತ್ತದೆ. ಆ ಕಬ್ಬಿಣವೇ ಇಲ್ಲದಿದ್ದರೆ ಹೊಸ ರಬ್ಬರ್ ತಗೊಂಡು ಏನು ಮಾಡ್ತೀರಿ?

ಹಳೇ ಪಾರ್ಟ್ಸ್ ಕೈಗೆ ಬರದೆ ದುಡ್ಡು ಬಿಚ್ಚಬೇಡಿ. ಗುಜರಿ, ಗಿಜರಿ ಏನೂ ಕೇಳಬೇಡಿ. ನನ್ನ ದುಡ್ಡು ಇನ್ನೂ ಬಂದಿಲ್ಲ. ಮೊನ್ನೆ ಬೇರೆ ನಂಬರಿನಿಂದ ಮಾಡಿದಾಗ ಎತ್ತಿದರು. ದನಿ ಗುರುತು ಸಿಕ್ಕ ತಕ್ಷಣ ಹೇಳಿದ್ದು ಏನು ಗೊತ್ತಾ? "ಪೇಂಟ್‌ಗೆ ನಾವು ಚಾರ್ಜ್ ಮಾಡಿಲ್ವಲ್ಲ ಸಾರ್."