ಸೆಂಡೈಯಲ್ಲಿ ಮೊಬೈಲಿಗೆ ಬರುವ ಭೂಕಂಪದ ಮುನ್ನೆಚ್ಚರಿಕೆ

ಜಪಾನಿನ ಹವಾಮಾನ ಇಲಾಖೆ 2007ರ ಅಕ್ಟೋಬರಿನಿಂದ ಸಾರ್ವಜನಿಕರಿಗೆ ಉಚಿತವಾಗಿ ಕೊಡುತ್ತಿರುವ ಈ ಸೇವೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಈಶಾನ್ಯ ಜಪಾನಿನ ಸೆಂಡೈ ನಗರದ ಪೂರ್ವಕ್ಕೆ, ಕಡಲತಳದ ಜಪಾನ್ ಕಂದಕದಲ್ಲಿ, ಪೆಸಿಫಿಕ್ ಭೂಫಲಕ (ಭೂಮಿಯ ಹೊರಪದರದ ದೈತ್ಯ ಚಪ್ಪಡಿ) ವರ್ಷಕ್ಕೆ ಸುಮಾರು 8 ಸೆಂಟಿಮೀಟರ್‌ನಂತೆ ನಮ್ಮ ಕಾಲಡಿಗೆ ನುಗ್ಗುತ್ತಿದೆ. ಫಲಕಗಳು ಕಚ್ಚಿಕೊಂಡಲ್ಲಿ ಒತ್ತಡ ಕೂಡುತ್ತದೆ. ಕಚ್ಚು ಬಿಟ್ಟಾಗ ಭೂಕಂಪ. ಮೊದಲು ಧಾವಿಸುವ ಮೆದು ಅಲೆಯನ್ನು ಮಾಪಕಗಳು ಹಿಡಿಯುತ್ತವೆ, ಅದರ ಹಿಂದೆ ಬರುವ ಬಲವಾದ ಅಲೆ ತಲುಪುವ ಮುನ್ನ ಫೋನು ಕಿರುಚುತ್ತದೆ. ಸಿಗುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ನಾನು ಪುಸ್ತಕದ ಕಪಾಟಿನ ಪಕ್ಕದಿಂದ ಅಮ್ಮನನ್ನು ಎಬ್ಬಿಸಿ ಊಟದ ಮೇಜಿನಡಿ ಕೂರಿಸಿರುತ್ತೇನೆ. ಅದಕ್ಕಿಂತ ಇನ್ನೇನು ಬೇಕು?

ಕೊರತೆ ಇಲ್ಲದಿಲ್ಲ. ಕಂಪನದ ಕೇಂದ್ರ ತೀರ ಹತ್ತಿರವಿದ್ದರೆ ನಡುಕವೇ ಮೊದಲು ಬಂದುಬಿಡುತ್ತದೆ. 2011ರ ಮಾರ್ಚ್ 11ರ 9.0 ತೀವ್ರತೆಯ ಭೂಕಂಪವನ್ನು ಮೊದಲ ಲೆಕ್ಕದಲ್ಲಿ ತುಂಬಾ ಕಡಿಮೆ ಅಂದಾಜಿಸಲಾಗಿತ್ತು; ಸುನಾಮಿಯ ಎತ್ತರದ ಎಚ್ಚರಿಕೆಯೂ ಹಾಗೆಯೇ ತಗ್ಗಿತು. ಆ ಪಾಠದ ನಂತರ ಕಡಲತಳದಲ್ಲಿ 150 ವೀಕ್ಷಣಾ ಘಟಕಗಳ ಕೇಬಲ್ ಜಾಲ ಹಾಸಿದ್ದಾರೆ. ಕಡಲಾಚೆ ನೆಲ ಜಾರಿದರೆ ಈಗ ಸುಳಿವು ಇನ್ನಷ್ಟು ಬೇಗ ಸಿಗುತ್ತದೆ.

ಊರಿನಿಂದ ಫೋನು ತರುವವರು ಅದರಲ್ಲಿ ಇಲ್ಲಿನ ಎಚ್ಚರಿಕೆ ಬರುತ್ತದೆಯೇ ಎಂದು ಸಿಮ್ ಕೊಳ್ಳುವ ಅಂಗಡಿಯಲ್ಲೇ ವಿಚಾರಿಸಿ. ಸದ್ದು ಕರ್ಕಶವೆಂದು ದಯವಿಟ್ಟು ನಿಲ್ಲಿಸಬೇಡಿ.