ಒಂದೇ ಕೋಣೆಯಲ್ಲಿ ಮೂರು ಜೋಡಿ: ಹಾರ್ನ್ ಸ್ಪೀಕರ್ ಮನೆಗೆ ಒಗ್ಗುತ್ತದೆಯೇ?

ಕಳೆದ ಮಳೆಗಾಲದ ನಾಲ್ಕು ತಿಂಗಳು ಸಾಗರದ ನಮ್ಮ ಮನೆಯ ನಡುಕೋಣೆಯಲ್ಲಿ ಮೂರು ಜೋಡಿ ಸ್ಪೀಕರುಗಳು ಸರದಿಯಂತೆ ನಿಂತು ಹಾಡಿದವು. ಮೊದಲನೆಯ ಜೋಡಿ ಹನ್ನೆರಡು ವರ್ಷಗಳಿಂದ ನನ್ನ ಬಳಿ ಇರುವ, ಸ್ಟ್ಯಾಂಡಿನ ಮೇಲೆ ಕೂರಿಸುವ ಪುಟ್ಟ ಪೆಟ್ಟಿಗೆಗಳು. ಕೆಳಗಿನ ಸ್ವರಗಳಿಗೆ ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ರೇಷ್ಮೆ ಬಟ್ಟೆಯ ಗುಮ್ಮಟದ ಟ್ವೀಟರ್, 86 ಡೆಸಿಬಲ್ ಸೆನ್ಸಿಟಿವಿಟಿ (ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಕೇಳುವ ಶಬ್ದದ ಮಟ್ಟ). ಎರಡನೆಯದು, ಬೆಂಗಳೂರಿನ ಗೆಳೆಯರೊಬ್ಬರು ಮನೆ ಬದಲಿಸುವಾಗ ನನ್ನಲ್ಲಿ ಇರಿಸಿಹೋದ ಹಳೆಯ ಜೋಡಿ. ಅದರಲ್ಲಿ ಕೆಳಗಿನ ಸ್ವರಗಳಿಗೆ ಹನ್ನೆರಡು ಇಂಚಿನ ಸಾಮಾನ್ಯ ವೂಫರ್ ಇದೆ, ನಡುವಣ ಮತ್ತು ಮೇಲಿನ ಸ್ವರಗಳಿಗೆ ಕಹಳೆಯಂಥ ಲೋಹದ ಹಾರ್ನ್‌ಗಳಿವೆ, ಅವುಗಳ ಗಂಟಲಿಗೆ ಶಬ್ದ ಹುಟ್ಟಿಸುವ ಕಂಪ್ರೆಶನ್ ಡ್ರೈವರ್ ಕೂಡಿಸಿದೆ, ಸೆನ್ಸಿಟಿವಿಟಿ 99 ಡೆಸಿಬಲ್. ಮೂರನೆಯದು ಊರಿನ ಬಡಗಿಯ ಕೈಯಲ್ಲಿ ನಾನೇ ಪ್ಲೈವುಡ್ಡಿನಿಂದ ಮಾಡಿಸಿದ ಬ್ಯಾಕ್‌ಲೋಡೆಡ್ ಹಾರ್ನ್, ಎಂದರೆ ಕೋನಿನ ಬೆನ್ನಿಗೆ ಹಾರ್ನ್ ಇರುವ ಪೆಟ್ಟಿಗೆ. ಅದರಲ್ಲಿರುವುದು ಎಂಟು ಇಂಚಿನ ಒಂದೇ ಒಂದು ಕಾಗದದ ಕೋನ್, ಸೆನ್ಸಿಟಿವಿಟಿ ಸುಮಾರು 95.

ಕೋಣೆ 14 ಅಡಿ ಅಗಲ, 18 ಅಡಿ ಉದ್ದ, ಕೆಂಪು ಗಾರೆಯ ನೆಲ, ಮೂರು ಕಡೆ ಬೋಳು ಗೋಡೆ. ಆಂಪ್ಲಿಫೈಯರುಗಳು ಎರಡು: 300ಬಿ ಎಂಬ ವಾಲ್ವಿನ (ಗಾಜಿನ ನಿರ್ವಾತ ಕೊಳವೆಯ) ಎಂಟು ವ್ಯಾಟಿನದು ಮತ್ತು ಅರವತ್ತು ವ್ಯಾಟಿನ ಟ್ರಾನ್ಸಿಸ್ಟರಿನದು. ಪ್ರತಿ ಬಾರಿಯೂ ಕೂರುವ ಜಾಗದಲ್ಲಿ ಮಟ್ಟವನ್ನು 75 ಡೆಸಿಬಲ್‌ಗೆ ಸಮ ಮಾಡಿಕೊಂಡೇ ಕೇಳಿದ್ದೇನೆ. ತುಸು ಜೋರಾಗಿ ನುಡಿಯುವ ಸ್ಪೀಕರ್ ಯಾವಾಗಲೂ ಮೇಲೆಂದು ಕಿವಿಗೆ ತೋರುವುದರಿಂದ, ಇದೊಂದನ್ನು ಬಿಟ್ಟರೆ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ.

ಹಾರ್ನ್ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಜಾತ್ರೆಯ ಮೈಕ್‌ಸೆಟ್. ಪೆಟ್ಟಿಗೆ ಇಳಿಸುವಾಗಲೇ ಅಮ್ಮ, ‘ಇದನ್ನು ಮಾವಿನ ಮರಕ್ಕೆ ಕಟ್ಟುತ್ತೀಯೇನೋ?’ ಎಂದು ಕೇಳಿದರು. ತತ್ವ ಒಂದೇ ಆದ್ದರಿಂದ ಅವರ ಪ್ರಶ್ನೆ ತಪ್ಪೇನಲ್ಲ. ಬರಿಗೈಯನ್ನು ಬೀಸಿದರೆ ಗಾಳಿ ಬರುವುದಿಲ್ಲ, ಅದೇ ಕೈಗೆ ಅಡಿಕೆ ಹಾಳೆಯ ಬೀಸಣಿಗೆ ಕೊಟ್ಟರೆ ಕಡಿಮೆ ಶ್ರಮದಲ್ಲೇ ಬರುತ್ತದೆ. ಏಕೆಂದರೆ ಕೈಗೆ ಆಗ ತಳ್ಳಲು ತಕ್ಕಷ್ಟು ಗಾಳಿ ಸಿಕ್ಕಿರುತ್ತದೆ. ಸಾಮಾನ್ಯ ಸ್ಪೀಕರಿನ ಕೋನ್ ಬರಿಗೈಯಂತೆ, ಹಗುರವಾದ ಗಾಳಿಯೆದುರು ಭಾರವಾದ ವಸ್ತು. ಕಿರಿದಾದ ಗಂಟಲಿನಿಂದ ಆರಂಭವಾಗಿ ಅಗಲವಾದ ಬಾಯಿಗೆ ತೆರೆದುಕೊಳ್ಳುವ ಹಾರ್ನ್, ಶಬ್ದ ಹುಟ್ಟಿಸಲು ನಡುಗುವ ಪೊರೆಯಾದ ಡಯಾಫ್ರಾಮಿಗೆ ಮುಂದಿನ ಗಾಳಿಯ ಮೇಲೆ ಹಿಡಿತ ಕೊಡುತ್ತದೆ. ಕೀಲಿ ಕೊಡುವ ಗ್ರಾಮಫೋನು ವಿದ್ಯುತ್ತಿನ ಹಂಗಿಲ್ಲದೆ ಮನೆ ತುಂಬಿಸಿದ್ದು ಇದರಿಂದಲೇ. ಮಾತಿನ ಚಿತ್ರಗಳು ಬಂದಾಗ ಕೆಲವೇ ವ್ಯಾಟಿನ ಆಂಪ್ಲಿಫೈಯರುಗಳು ದೊಡ್ಡ ಥಿಯೇಟರುಗಳಿಗೆ ಸಾಕಾದದ್ದೂ ಇದರಿಂದಲೇ.

ಲೆಕ್ಕದಲ್ಲಿ ನೋಡಿದರೆ ಈ ವ್ಯತ್ಯಾಸ ಸಣ್ಣದಲ್ಲ. 86 ಡೆಸಿಬಲ್ಲಿನ ಸ್ಪೀಕರು ತನಗೆ ಬಂದ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 0.25ರಷ್ಟನ್ನು ಮಾತ್ರ ಶಬ್ದವಾಗಿಸುತ್ತದೆ, ಉಳಿದದ್ದೆಲ್ಲ ಕೋನನ್ನು ನಡುಗಿಸುವ ತಂತಿಸುರುಳಿಯಾದ ಕಾಯಿಲಿನ ಬಿಸಿ. ಪ್ರತಿ ಮೂರು ಡೆಸಿಬಲ್‌ಗೆ ವ್ಯಾಟ್ ಇಮ್ಮಡಿ ಎಂಬ ನಿಯಮದಂತೆ, 86 ಮತ್ತು 99ರ ನಡುವಿನ 13 ಡೆಸಿಬಲ್ ಎಂದರೆ ಇಪ್ಪತ್ತು ಪಟ್ಟು. ನನ್ನ ಪುಟ್ಟ ಪೆಟ್ಟಿಗೆ 40 ವ್ಯಾಟ್ ಕೇಳುವ ಕಡೆ ಗೆಳೆಯರ ಹಾರ್ನ್‌ಗೆ ಎರಡು ವ್ಯಾಟ್ ಸಾಕು. ಎಂಟು ವ್ಯಾಟಿನ ವಾಲ್ವ್ ಆಂಪ್ಲಿಫೈಯರಿಗೆ ಪುಟ್ಟ ಪೆಟ್ಟಿಗೆಗಳನ್ನು ಜೋಡಿಸಿದಾಗ ಮೃದಂಗದ ತನಿಯ ಹೊತ್ತಿಗೆ ಶಬ್ದ ಕಲಸಿಹೋಗುತ್ತಿತ್ತು, ಹಾರ್ನ್‌ಗೆ ಜೋಡಿಸಿದಾಗ ಅದೇ ಆಂಪ್ಲಿಫೈಯರಿಗೆ ಬೆವರು ಕೂಡ ಬರಲಿಲ್ಲ.

ಆದರೆ ಹಾರ್ನ್‌ನ ಗುಣ ಜೋರು ಎಂಬುದಷ್ಟೇ ಎಂದು ತಿಳಿಯುವುದು ತಪ್ಪು ಎಂಬುದೇ ಈ ನಾಲ್ಕು ತಿಂಗಳಲ್ಲಿ ನನಗೆ ಮನದಟ್ಟಾದ ಸಂಗತಿ. ಬಯಲಾಟವೊಂದರಲ್ಲಿ ಮುಂದಿನ ಸಾಲಿನಲ್ಲಿ ಕೂತು ನಾನೇ ಮುದ್ರಿಸಿಕೊಂಡ ಚಂಡೆ ಮದ್ದಳೆಯ ಹತ್ತು ನಿಮಿಷಗಳ ಧ್ವನಿ ನನ್ನ ಬಳಿ ಇದೆ. ಚಂಡೆಯ ಕೋಲು ಬೀಳುವ ಆ ಮೊದಲ ಕ್ಷಣ ಪುಟ್ಟ ಪೆಟ್ಟಿಗೆಯಲ್ಲಿ ಯಾವಾಗಲೂ ತುಸು ದುಂಡಗಾಗಿ, ಬಟ್ಟೆ ಹೊದಿಸಿ ಬಾರಿಸಿದಂತೆ ಕೇಳುತ್ತಿತ್ತು. ಹನ್ನೆರಡು ವರ್ಷ ಅದೇ ಚಂಡೆಯೆಂದು ಒಪ್ಪಿಕೊಂಡಿದ್ದೆ. ಹಾರ್ನ್‌ನಲ್ಲಿ ಅದು ಬಡಿದ ಕೂಡಲೇ ಬಾಗಿಲ ಬಳಿ ಮಲಗಿದ್ದ ನಾಯಿ ಎದ್ದು ನಿಂತಿತು. ಒಂದೇ ಪ್ರಮಾಣದ ಶಬ್ದಕ್ಕೆ ಹಾರ್ನ್‌ನ ಡಯಾಫ್ರಾಮ್ ಚಲಿಸಬೇಕಾದ ದೂರ ಬಹಳ ಕಡಿಮೆಯಾದ್ದರಿಂದ ವಿಕೃತಿಯೂ ಕಡಿಮೆ. ಕಾಯಿಲ್ ಬಿಸಿಯಾಗುವುದೂ ಅಷ್ಟೇ ಕಡಿಮೆ. ಕಾಯಿಲಿನ ತಾಮ್ರ ನೂರು ಡಿಗ್ರಿ ಬಿಸಿಯೇರಿದರೆ ಅದರ ರೋಧ ಸುಮಾರು ಶೇಕಡಾ 39ರಷ್ಟು ಹೆಚ್ಚುತ್ತದೆ. ಆಗ ಏಟಿನ ತುದಿ ಸವೆದುಹೋಗುವುದು ಸಹಜ.

ಇದಕ್ಕಿಂತ ಹೆಚ್ಚು ಅಚ್ಚರಿ ತಂದದ್ದು ಮೆಲುದನಿಯಲ್ಲಿ. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುವಾಗ ನಮ್ಮ ಕೋಣೆಯೊಳಗೆ ಸಂಗೀತ ಕೇಳುವುದು ಒಂದು ಶಿಕ್ಷೆ. ಪುಟ್ಟ ಪೆಟ್ಟಿಗೆಯಲ್ಲಿ ತಂಬೂರಿ ಮೊದಲು ಮುಳುಗುತ್ತದೆ, ಆಮೇಲೆ ಪಕ್ಕವಾದ್ಯ, ಕೊನೆಗೆ ಗಾಯಕರ ದನಿಯಷ್ಟೇ ಉಳಿಯುತ್ತದೆ. ಶಬ್ದ ಏರಿಸಿದರೆ ದನಿ ಗಡುಸಾಗುತ್ತದೆ. ಅಷ್ಟೇ ಮಟ್ಟದಲ್ಲಿ ನುಡಿಸಿದ ಹಾರ್ನ್‌ನಲ್ಲಿ ಮಳೆಯ ಸದ್ದಿನ ನಡುವೆಯೂ ಪದಗಳ ಅಂಚು ಬಿಡಿಬಿಡಿಯಾಗಿ ಕೇಳುತ್ತಿತ್ತು. ಇದಕ್ಕೆ ಕಾರಣ ಹಾರ್ನ್ ಶಬ್ದವನ್ನು ಹರಡುವ ರೀತಿ ಎಂದು ನನ್ನ ತೀರ್ಮಾನ. ಗುಮ್ಮಟದ ಟ್ವೀಟರು ಮತ್ತು ಪುಟ್ಟ ವೂಫರು ಎಲ್ಲ ದಿಕ್ಕಿಗೂ ಶಬ್ದ ಚೆಲ್ಲುತ್ತವೆ. ರತ್ನಗಂಬಳಿ, ದಪ್ಪ ಪರದೆ, ಮೆತ್ತನೆಯ ಸೋಫಾಗಳಿರುವ ಶೀತದೇಶದ ಮನೆಗಳಲ್ಲಿ ಅದನ್ನು ಹೀರಿಕೊಳ್ಳುವ ವಸ್ತುಗಳಿವೆ. ಗಾರೆ ನೆಲ ಅಥವಾ ಟೈಲ್ಸ್, ಸುಣ್ಣದ ಗೋಡೆ, ಮರದ ಬೆಂಚುಗಳಿರುವ ನಮ್ಮ ಮನೆಗಳಲ್ಲಿ ಅದೆಲ್ಲ ತಿರುಗಿ ಕಿವಿಗೇ ಬಂದು ಮೂಲದನಿಯನ್ನು ಮಸುಕು ಮಾಡುತ್ತದೆ. ಹಾರ್ನ್ ಶಬ್ದವನ್ನು ಒಂದು ಮಿತಿಯ ಕೋನದೊಳಗೆ ಹಿಡಿದಿಡುವುದರಿಂದ ನೆಲ ಮತ್ತು ಮಾಡಿಗೆ ಬಡಿಯುವ ಪಾಲು ಕಡಿಮೆ. ನಮ್ಮಂಥ ಮನೆಗಳಿಗೆ ಹಾರ್ನ್ ಒಗ್ಗುವುದಿಲ್ಲ ಎಂಬ ಸಾಮಾನ್ಯ ನಂಬಿಕೆ, ಈ ಒಂದು ವಿಷಯದಲ್ಲಾದರೂ, ತಲೆಕೆಳಗಾಗಿದೆ.

ಇದರ ಬೆಲೆಯನ್ನೂ ತೆರಬೇಕು. ಸರಿಯಾದ ಜಾಗದಲ್ಲಿ ಕೂತವರಿಗೆ ಮಾತ್ರ ಈ ಸುಖ. ಎದ್ದು ನಿಂತರೆ ಮೇಲಿನ ಸ್ವರಗಳು ಮಂಕಾಗುತ್ತವೆ, ಅಡುಗೆಮನೆಗೆ ತಲಪುವುದು ಅರ್ಧ ಸಂಗೀತ. ಮನೆಮಂದಿಯೆಲ್ಲ ಓಡಾಡುತ್ತ ಕೇಳಲಿ ಎಂಬವರಿಗೆ ಪುಟ್ಟ ಪೆಟ್ಟಿಗೆಯೇ ಲೇಸು.

ದೂರದ ಪ್ರಶ್ನೆಯೂ ಇದೆ. ಮೊದಲ ವಾರ ನಾನು ಒಂಬತ್ತು ಅಡಿ ದೂರದಲ್ಲಿ ಕೂತೆ. ಗಾಯಕರ ಕಂಠ ನಡುವಣ ಹಾರ್ನ್‌ನಿಂದಲೂ ಎದೆಯ ಭಾಗ ಕೆಳಗಿನ ವೂಫರಿನಿಂದಲೂ ಬರುತ್ತಿರುವುದು ಬೇರೆಬೇರೆಯಾಗಿ ತಿಳಿಯುತ್ತಿತ್ತು. ಬೆಂಚನ್ನು ಹನ್ನೆರಡು ಅಡಿಗೆ ಸರಿಸಿದ ಮೇಲೆ ಎರಡೂ ಒಂದಾದವು. ಹತ್ತು ಅಡಿ ಚೌಕದ ಕೋಣೆಯವರು ಈ ಜಾತಿಯ ಸ್ಪೀಕರಿನ ಆಸೆಯನ್ನು ಬಿಡುವುದು ಒಳ್ಳೆಯದು.

ಹಾರ್ನ್‌ನ ಹಳೆಯ ಅಪಕೀರ್ತಿಯಾದ ‘ಬಾಯಿಗೆ ಅಂಗೈ ಅಡ್ಡ ಹಿಡಿದು ಕೂಗಿದ’ ಛಾಯೆ ಕೂಡ ಸುಳ್ಳಲ್ಲ. ಮಲ್ಲಿಕಾರ್ಜುನ ಮನಸೂರರ ಹಳೆಯ ರೇಡಿಯೋ ಮುದ್ರಿಕೆಗಳಲ್ಲಿ, ತಾರಸ್ಥಾಯಿಯ ಒಂದೆರಡು ಸ್ವರಗಳ ಮೇಲೆ ಮಾತ್ರ, ಲೋಹದ ಪಾತ್ರೆಯೊಳಗಿಂದ ಬಂದಂಥ ಮೊಳಗು ಕೇಳುತ್ತಿತ್ತು. ಜಾಲರಿ ತೆಗೆದು ಹಾರ್ನ್‌ನ ಬೆನ್ನಿಗೆ ಬೆರಳ ಗೆಣ್ಣಿನಿಂದ ತಟ್ಟಿದೆ, ತಂಬಿಗೆಯಂತೆ ಠಣ್ ಎಂದಿತು. ಗೆಳೆಯರ ಒಪ್ಪಿಗೆ ಪಡೆದು, ಕಾರಿನ ಬಾಗಿಲೊಳಗೆ ಅಂಟಿಸುವ ಡಾಂಬರಿನ ಹಾಳೆಯನ್ನು ಅಂಗೈಯಗಲ ಕತ್ತರಿಸಿ, ಬಿಸಿಲಿಗೆ ಮೆತ್ತಗೆ ಮಾಡಿ, ಹೊರಮೈಗೆ ಅಂಟಿಸಿದೆ. ಆಮೇಲೆ ತಟ್ಟಿದರೆ ಟಪ್ ಎಂಬ ಸದ್ದು. ಮೊಳಗು ಮುಕ್ಕಾಲು ಪಾಲು ಹೋಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದು ಹಾರ್ನ್‌ನ ಬಾಯಂಚಿನಿಂದ ಶಬ್ದ ಒಳಕ್ಕೆ ಮರಳುವುದರಿಂದ ಆಗುವಂಥದ್ದು, ಅದಕ್ಕೆ ಹಾಳೆಯ ಮದ್ದಿಲ್ಲ. ಮುದ್ರಿಕೆಯ ದೋಷಗಳನ್ನೂ ಹಾರ್ನ್ ಮುಚ್ಚಿಡುವುದಿಲ್ಲ. ಟೇಪಿನ ಸುಯ್ ಶಬ್ದ, ಮೈಕಿನ ತೀರ ಹತ್ತಿರ ಹಾಡಿದಾಗಿನ ಒಡಕು, ಎಲ್ಲವನ್ನೂ ಬಯಲಿಗಿಡುತ್ತದೆ.

ವೀಣೆಯಲ್ಲಿ ನನ್ನ ತೀರ್ಪು ಇಬ್ಭಾಗವಾಯಿತು. ದೊರೆಸ್ವಾಮಿ ಅಯ್ಯಂಗಾರ್ಯರ ಮೈಸೂರು ಬಾನಿಯ ನುಡಿಸಾಣಿಕೆಯಲ್ಲಿ ಮೀಟು ಬಿದ್ದ ಕ್ಷಣವನ್ನು, ಬೆರಳು ಮೆಟ್ಟಿಲ ಮೇಲೆ ಜಾರುವ ಸದ್ದನ್ನು ಹಾರ್ನ್ ಎದುರಿಗೇ ಇಟ್ಟಂತೆ ತೋರಿಸಿತು. ಆದರೆ ಮೀಟಿನ ನಂತರ ಗಮಕದಲ್ಲಿ ತೇಲಿಹೋಗುವ ಎಳೆ ನನ್ನ ಪುಟ್ಟ ಪೆಟ್ಟಿಗೆಯಲ್ಲೇ ಹೆಚ್ಚು ನಯವಾಗಿತ್ತು. ರಾತ್ರಿ ಒಬ್ಬನೇ ಕೂತು ವೀಣೆ ಕೇಳುವುದಾದರೆ ಇಂದಿಗೂ ನಾನು ಅದರತ್ತಲೇ ಹೋಗುತ್ತೇನೆ.

ಕೆಳಗಿನ ಸ್ವರಗಳ ವಿಷಯದಲ್ಲಿ ಹಾರ್ನ್‌ನ ಕಷ್ಟ ಭೌತಶಾಸ್ತ್ರದ್ದು. 50 ಹರ್ಟ್ಸ್ ಶಬ್ದದ ತರಂಗ ಸುಮಾರು ಏಳು ಮೀಟರ್ ಉದ್ದ. ಅದನ್ನು ಸರಿಯಾಗಿ ನುಡಿಸುವ ಹಾರ್ನ್‌ನ ಬಾಯಿಯ ಸುತ್ತಳತೆಯೂ ಸುಮಾರು ಅಷ್ಟಿರಬೇಕು, ಎಂದರೆ ಎರಡು ಮೀಟರಿಗೂ ಮಿಕ್ಕಿದ ವ್ಯಾಸ. ಅಮೆರಿಕದ ಅರ್ಕನ್ಸಾ ರಾಜ್ಯದ ಹೋಪ್ ಎಂಬ ಊರಿನಲ್ಲಿ 1946ರಲ್ಲಿ ಕಂಪನಿ ಆರಂಭಿಸಿದ ಪಾಲ್ ಕ್ಲಿಪ್ಶ್ ಇದಕ್ಕೊಂದು ಜಾಣ ದಾರಿ ಕಂಡುಕೊಂಡರು: ಹಾರ್ನ್ ಅನ್ನು ಪೆಟ್ಟಿಗೆಯೊಳಗೆ ಮಡಿಚಿ, ಕೋಣೆಯ ಮೂಲೆಯಲ್ಲಿ ಕೂರಿಸಿ, ಎರಡು ಗೋಡೆ ಮತ್ತು ನೆಲವನ್ನೇ ಹಾರ್ನ್‌ನ ಮುಂದುವರಿಕೆಯಾಗಿ ಬಳಸುವುದು. ಆ ಕ್ಲಿಪ್ಶ್‌ಹಾರ್ನ್ ಇಂದಿಗೂ ತಯಾರಾಗುತ್ತಿದೆ. ನಮ್ಮ ಮನೆಯಲ್ಲಾದರೋ ಒಂದು ಮೂಲೆಯಲ್ಲಿ ದೇವರ ಕೋಣೆಯ ಬಾಗಿಲು, ಇನ್ನೊಂದರಲ್ಲಿ ಮಹಡಿ ಮೆಟ್ಟಿಲು. ಎರಡು ಖಾಲಿ ಮೂಲೆಗಳ ಭಾಗ್ಯ ನನಗಿಲ್ಲ. ಗೆಳೆಯರ ಜೋಡಿಯಲ್ಲಿ ಕೆಳಸ್ವರಕ್ಕೆ ಹಾರ್ನ್ ಇಲ್ಲದಿರುವುದೂ ಇದೇ ರಾಜಿಯ ಫಲ, ಮತ್ತು 60 ಹರ್ಟ್ಸ್‌ಗಿಂತ ಕೆಳಗೆ ಅದು ನನ್ನ ಪುಟ್ಟ ಪೆಟ್ಟಿಗೆಗಿಂತಲೂ ಬೇಗ ಕೈಬಿಡುತ್ತದೆ ಎಂಬುದು ಮೃದಂಗದ ಎಡಗಡೆಯ ತೊಪ್ಪಿ ನುಡಿದಾಗ ತಿಳಿಯುತ್ತದೆ. ಚಿಕ್ಕ ಪೆಟ್ಟಿಗೆ, ಆಳವಾದ ಕೆಳಸ್ವರ, ಹೆಚ್ಚಿನ ಸೆನ್ಸಿಟಿವಿಟಿ, ಈ ಮೂರರಲ್ಲಿ ಎರಡನ್ನಷ್ಟೇ ಆರಿಸಿಕೊಳ್ಳಬಹುದೆಂಬ ಮಾತಿಗೆ ಸ್ಪೀಕರ್ ವಿನ್ಯಾಸದಲ್ಲಿ ಹಾಫ್‌ಮನ್ ನಿಯಮವೆಂದು ಹೆಸರು. 1954ರಲ್ಲಿ ಅಮೆರಿಕದ ಸಂಶೋಧಕ ಎಡ್ಗರ್ ವಿಲ್ಚರ್ ಅವರ ಮುಚ್ಚಿದ ಪುಟ್ಟ ಪೆಟ್ಟಿಗೆಗಳು ಮಾರುಕಟ್ಟೆಗೆ ಬಂದು ಸೆನ್ಸಿಟಿವಿಟಿಯನ್ನು ಬಲಿಕೊಟ್ಟು ಉಳಿದೆರಡನ್ನು ಗಳಿಸಿದವು. ನಾಲ್ಕು ವರ್ಷಗಳಲ್ಲಿ ಎಡಬಲ ಎರಡು ಸ್ಪೀಕರಿಗೆ ಮುದ್ರಿಸಿದ ಸ್ಟೀರಿಯೋ ಗ್ರಾಮಫೋನ್ ತಟ್ಟೆಗಳೂ ಬಂದವು. ಮನೆಗೆ ಒಂದರ ಬದಲು ಎರಡು ಪೆಟ್ಟಿಗೆ ಬೇಕಾದಾಗ, ವ್ಯಾಟುಗಳೂ ಅಗ್ಗವಾಗುತ್ತ ಬಂದಾಗ, ಬೀರುವಿನಷ್ಟು ದೊಡ್ಡ ಹಾರ್ನ್ ಮನೆಗಳಿಂದ ಹೊರಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯ ಜೋಡಿಗೆ ಬರುತ್ತೇನೆ. ಬ್ಯಾಕ್‌ಲೋಡೆಡ್ ಹಾರ್ನ್‌ನಲ್ಲಿ ಕೋನಿನ ಮುಂಭಾಗ ನೇರವಾಗಿ ಕೋಣೆಗೆ ನುಡಿಯುತ್ತದೆ, ಹಿಂಭಾಗದ ಶಬ್ದ ಪೆಟ್ಟಿಗೆಯೊಳಗಿನ ಮಡಿಕೆ ಮಡಿಕೆಯಾದ ದಾರಿಯಲ್ಲಿ ಸುತ್ತಿ ಕೆಳಗಿನ ಬಾಯಿಂದ ಹೊರಬರುತ್ತದೆ. ಜೋಡಿಗೆ 18 ಮಿಲಿಮೀಟರ್ ದಪ್ಪದ, ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ನಾಲ್ಕು ಹಾಳೆ ಪ್ಲೈವುಡ್ ಬೇಕಾಯಿತು. ನಕ್ಷೆ ನೋಡಿದ ಬಡಗಿ, ‘ಏನು ಸ್ವಾಮಿ, ಪೆಟ್ಟಿಗೆ ಒಳಗೆ ಇಷ್ಟೊಂದು ಗೋಡೆ! ಇಲಿ ಹೊಕ್ಕರೆ ದಾರಿ ತಪ್ಪುತ್ತೆ’ ಎಂದರು. ಇದರ ದೊಡ್ಡ ಗುಣವೆಂದರೆ ಕ್ರಾಸ್‌ಓವರ್, ಎಂದರೆ ಮೇಲಿನ ಮತ್ತು ಕೆಳಗಿನ ಸ್ವರಗಳನ್ನು ಬೇರೆ ಬೇರೆ ಡ್ರೈವರುಗಳಿಗೆ ಹಂಚುವ ಮಂಡಲ, ಇಲ್ಲದಿರುವುದು. ಇಡೀ ಕಂಠ ಒಂದೇ ಕೋನಿನಿಂದ ಬರುವುದರಿಂದ ಒಂಬತ್ತು ಅಡಿಯಲ್ಲಿ ಕೂತರೂ ದನಿ ತುಂಡಾಗುವುದಿಲ್ಲ. ದೋಷವೆಂದರೆ, ಒಳಗಿನ ದಾರಿ ಎರಡೂವರೆ ಮೀಟರ್ ಇರುವುದರಿಂದ ಹಿಂಭಾಗದ ಶಬ್ದ ಏಳು ಮಿಲಿಸೆಕೆಂಡು ತಡವಾಗಿ ಬರುತ್ತದೆ. ಕೆಲವು ಕೆಳಸ್ವರಗಳು ಉಬ್ಬಿ ಕೆಲವು ಕುಗ್ಗುತ್ತವೆ, ಗಂಡುದನಿಯ ಷಡ್ಜಕ್ಕೆ ಒಮ್ಮೊಮ್ಮೆ ಮಡಕೆಯ ಗುಂಯ್‌ಗಾನ ಅಂಟಿಕೊಳ್ಳುತ್ತದೆ. ಕೋನಿನ ಹಿಂದಿನ ಗೂಡಿಗೆ ಒಂದು ಹಿಡಿ ಉಣ್ಣೆ ತುಂಬಿದ ಮೇಲೆ ಅದು ಸಹಿಸುವಷ್ಟಾಯಿತು. ಕಾಗದದ ಕೋನು ಮೊದಲ ನೂರು ಗಂಟೆ ಕಿರುಚುತ್ತದೆ ಎಂಬ ಎಚ್ಚರಿಕೆಯನ್ನು ಕೇಳಿದ್ದೆ. ಕಿರುಚಾಟ ಕಡಿಮೆಯಾಯಿತೋ ನನ್ನ ಕಿವಿಯೇ ಒಗ್ಗಿತೋ, ಪ್ರಮಾಣ ಮಾಡಿ ಹೇಳಲಾರೆ.

ಎರಡೂ ಹಾರ್ನ್‌ಗಳಿಗೆ ಸೇರಿದ ಇನ್ನೊಂದು ಕಿರಿಕಿರಿಯೆಂದರೆ, ಆಂಪ್ಲಿಫೈಯರಿನ ಸಣ್ಣ ಗುಂಯ್ ಕೂಡ ಅವು ಎತ್ತಿ ತೋರಿಸುವುದು. ಪುಟ್ಟ ಪೆಟ್ಟಿಗೆಯಲ್ಲಿ ನಿಶ್ಶಬ್ದವಾಗಿದ್ದ ನನ್ನ ವಾಲ್ವ್ ಆಂಪ್ಲಿಫೈಯರು ಹಾರ್ನ್‌ನಲ್ಲಿ ಜೇನುಗೂಡಿನಂತೆ ಕೇಳಿಸಿತು. ಎರಡು ದಿನ ಹುಡುಕಿದ ಮೇಲೆ ಸಿಕ್ಕಿದ ಕಾರಣ, ಬಾವಿಯ ಬಳಿ ಹುಗಿದಿದ್ದ ಅರ್ಥಿಂಗ್ ಸರಳಿನ ತಂತಿ ತುಕ್ಕು ಹಿಡಿದು ಕಳಚಿದ್ದದ್ದು.

ಅಕ್ಟೋಬರಿನಲ್ಲಿ ಗೆಳೆಯರು ತಮ್ಮ ಜೋಡಿಯನ್ನು ಒಯ್ದರು. ಚಂಡೆಯ ಆ ಏಟಿಗಾಗಿ ಒಂದು ವಾರ ಬೇಸರವಾಯಿತು. ಆದರೂ ಅಂಥದ್ದನ್ನು ಕೊಳ್ಳಲಿಲ್ಲ, ಏಕೆಂದರೆ ಹನ್ನೆರಡು ಅಡಿ ದೂರದ ಆ ಬೆಂಚು ಅಮ್ಮ ಓಡಾಡುವ ದಾರಿಗೆ ಅಡ್ಡವಾಗುತ್ತಿತ್ತು. ಈಗ ನಡುಕೋಣೆಯಲ್ಲಿ ಪ್ಲೈವುಡ್ಡಿನ ಜೋಡಿ ವಾಲ್ವ್ ಆಂಪ್ಲಿಫೈಯರಿನೊಂದಿಗೆ ನಿಂತಿದೆ, ಪುಟ್ಟ ಪೆಟ್ಟಿಗೆಗಳು ಮಹಡಿಯ ಹತ್ತು ಅಡಿ ಕೋಣೆಯಲ್ಲಿ ವೀಣೆಗೆ ಮೀಸಲಾಗಿವೆ. ಬಡಗಿ ಹೇಳಿದ ಇಲಿ ದೀಪಾವಳಿಯ ಹಿಂದುಮುಂದಿನಲ್ಲಿ ನಿಜಕ್ಕೂ ಎಡಗಡೆಯ ಪೆಟ್ಟಿಗೆ ಹೊಕ್ಕಿತು. ದಾರಿ ತಪ್ಪಲಿಲ್ಲ, ನೇರ ಉಣ್ಣೆಯವರೆಗೆ ಹೋಗಿ ಗೂಡು ಕಟ್ಟಿತ್ತು. ಈಗ ಎರಡೂ ಬಾಯಿಗಳಿಗೆ ಕೋಳಿಗೂಡಿನ ಜಾಲರಿ ಹೊಡೆಸಿದ್ದೇನೆ.